ದೋಣಿ ಹತ್ತಿಸುವ ಆಟ

ಜೂನ್ ೧೫

ಅಪ್ಪಾ,

ನಿನ್ನ ಕಾಗದ ಮಂಗಳವಾರ ಬಂತು. ಅಮ್ಮ ಆಸ್ಪತ್ರೆ ಕೆಲಸ ಮುಗಿಸಿ ಬರುವುದು ರಾತ್ರಿ ಎಂಟು ಗಂಟೆಗೆ, ಅದಕ್ಕೇ ನಾನೇ ಮೊದಲು ಓದಿದೆ. ಅವಳನ್ನು ಈಗ ಚಾದರ ಒಗೆಯುವ ಕಡೆಯಿಂದ ಇಸ್ತ್ರಿ ಕೋಣೆಗೆ ಹಾಕಿದ್ದಾರೆ. ಕೈಯ ಚರ್ಮ ಸುಲಿಯುವುದು ನಿಂತಿದೆ. ಆದರೆ ಬಂದ ಕೂಡಲೇ ಸೊಂಟ ಹಿಡಿದುಕೊಂಡು ನೆಲದ ಮೇಲೆ ಉದ್ದಕ್ಕೆ ಮಲಗುತ್ತಾಳೆ.

ಸುರಂಗದೊಳಗೆ ಕತ್ತಲೆ ಇರುತ್ತದಾ ಎಂದು ಕೇಳಿದ್ದಕ್ಕೆ ನೀನು, ‘ಇರಬಾರದು ಅಂತಲೇ ನನಗೆ ಸಂಬಳ ಕೊಡುತ್ತಾರೆ’ ಎಂದು ಬರೆದಿದ್ದೀಯ. ಕೆಳಗಿನ ಮನೆಯ ಗುಂಡಿಗೆ ಓದಿ ಹೇಳಿದೆ. ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂತು. ಅವಳ ಅಪ್ಪ ಹೊಸ ಹೊಲಿಗೆ ಯಂತ್ರ ತಂದಿದ್ದಾರೆ, ಅದರ ಸದ್ದು ಕೆಳಗಿನಿಂದ ನಮ್ಮ ಮನೆಯವರೆಗೂ ಕೇಳುತ್ತದೆ. ಗುಂಡಿ ಮೊದಲಿನ ಹಾಗೇ ಬೆಳಿಗ್ಗೆ ಬಂದು ಬಾಗಿಲು ತಟ್ಟುತ್ತಾಳೆ, ಒಟ್ಟಿಗೆ ಶಾಲೆಗೆ ಹೋಗುತ್ತೇವೆ, ಹನ್ನೆರಡೂವರೆಗೆ ವಾಪಸ್. ಜೇಬಿನ ತುಂಬ ಅಂಗಿ ಗುಂಡಿಗಳೂ ಮೊದಲಿನ ಹಾಗೇ. ಮಾತು ಇನ್ನೂ ತಡವರಿಸುತ್ತದೆ, ನನ್ನ ಹತ್ತಿರ ಮಾತ್ರ ಅಷ್ಟಿಲ್ಲ.

ನೀನು ಹೋಗುವ ಮುಂಚೆ ತಂದ ಟೀವಿಯಲ್ಲಿ ಈಗ ಶನಿವಾರ ಸಂಜೆ ಆರೂವರೆಗೆ ‘ಹಡಗು’ ಬರುತ್ತದೆ. ಹಡಗಿನಲ್ಲಿ ಹನ್ನೆರಡು ಜನ. ವಾರಕ್ಕೊಮ್ಮೆ ಎಲ್ಲರೂ ಚೀಟಿಯಲ್ಲಿ ಒಂದು ಹೆಸರು ಬರೆಯುತ್ತಾರೆ. ಯಾರ ಹೆಸರು ಜಾಸ್ತಿ ಬಂತೋ ಅವರನ್ನು ಪುಟ್ಟ ದೋಣಿಗೆ ಹತ್ತಿಸಿ ಕಳುಹಿಸುತ್ತಾರೆ. ಉಳಿದವರು ಅಳುತ್ತಾ ಕೈ ಬೀಸುತ್ತಾರೆ. ನಮ್ಮ ಕಟ್ಟಡದ ಹತ್ತು ಮಕ್ಕಳೂ ಅದೇ ಆಟ ಶುರು ಮಾಡಿದ್ದೇವೆ. ಅಂಗಳದ ನೀರಿನ ತೊಟ್ಟಿಯ ಮುಚ್ಚಳವೇ ಹಡಗು. ಔಷಧಿ ಅಂಗಡಿಯವರ ಮಗ, ನಾವು ಕನ್ನಡಕ ಅನ್ನುತ್ತೇವಲ್ಲ, ಅವನೇ ಕ್ಯಾಪ್ಟನ್. ಕಣ್ಣಾಮುಚ್ಚಾಲೆ ಈಗ ಯಾರೂ ಆಡುವುದಿಲ್ಲ, ಅದು ಚಿಕ್ಕವರ ಆಟ.

ನಿನ್ನ,
ಕುಳ್ಳಿ


ಜೂನ್ ೨೪

ಕುಳ್ಳೀ,

ನೀನು ನಂಬುವುದಿಲ್ಲ, ಇಲ್ಲೂ ನಾವು ಅದನ್ನೇ ನೋಡುತ್ತೇವೆ. ಊಟದ ಶೆಡ್ಡಿನ ಮೇಲೆ ಡಿಶ್ ಕೂರಿಸಿದವನು ನಿಮ್ಮಪ್ಪನೇ. ಶನಿವಾರ ಮೂವತ್ತು ಗಂಡಸರು ಬೂಟು ಬಿಚ್ಚದೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಬಂಡೆಗೆ ಮದ್ದು ತುಂಬಿ ಸಿಡಿಸುವ ಮನುಷ್ಯ ಒಬ್ಬನಿದ್ದಾನೆ, ಎದೆಯೆಂದರೆ ಬಾಗಿಲಿನಷ್ಟು ಅಗಲ. ಹೋದ ವಾರ ಆ ಮುದುಕಿ ಟೀಚರನ್ನು ದೋಣಿ ಹತ್ತಿಸಿದಾಗ ಅವನು ಎದ್ದು ಹೊರಗೆ ಹೋಗಿ ಮೂಗು ಸೀಟಿ ಬಂದ.

ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಕಾಗದ ಒಯ್ಯುವುದು ರೇಷನ್ ಜೀಪು, ಅದೂ ವಾರಕ್ಕೊಂದೇ ಸಲ. ಆದರೆ ಶನಿವಾರ ಆರೂವರೆಗೆ ನೀನು ಅಲ್ಲಿ ನೋಡುವುದನ್ನೇ ನಾನು ಇಲ್ಲಿ ನೋಡುತ್ತಿರುತ್ತೇನೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತ ಹಾಗೆ ಆಯಿತಲ್ಲ? ಒಂದು ವಾರವೂ ತಪ್ಪಿಸಬೇಡ. ಅಮ್ಮ ಬೈದರೆ ಅಪ್ಪ ಹೇಳಿದ್ದಾನೆ ಅನ್ನು.

ನಿಮ್ಮ ಹಡಗಿನ ಸುದ್ದಿ ಬರೆಯುತ್ತಿರು. ಇಲ್ಲಿಯವರೆಲ್ಲ ಕೇಳುತ್ತಾರೆ. ನೀನೇ ಕೊನೆಯವರೆಗೆ ಉಳಿಯುತ್ತೀಯ ಎಂದು ಬಾಜಿ ಕಟ್ಟಿದ್ದೇನೆ.

ಸುರಂಗದ ದೀಪದವನು,
ಅಪ್ಪ


ಜುಲೈ ೮

ಅಪ್ಪಾ,

ನಮ್ಮ ಹಡಗಿನಿಂದ ಇಬ್ಬರು ಹೋದರು. ಮೊದಲು ಬಸ್ ಡ್ರೈವರ್ ಮಗ, ಆಮೇಲೆ ಮೂರನೇ ಮಹಡಿಯ ಅವಳಿಗಳಲ್ಲಿ ಒಬ್ಬಳು. ಶುರುವಿನಲ್ಲಿ ದೋಣಿ ಹತ್ತಿದವರು ಮಾರನೇ ದಿನ ಮತ್ತೆ ಆಟಕ್ಕೆ ಬರಬಹುದು ಎಂದಿತ್ತು. ಕನ್ನಡಕ ಅದನ್ನು ತೆಗೆದುಬಿಟ್ಟ. ಟೀವಿಯಲ್ಲಿ ಹೋದವರು ತಿರುಗಿ ಬರುವುದಿಲ್ಲ, ಹಾಗಾದರೆ ಇಲ್ಲಿ ಹೇಗೆ ಬರುತ್ತಾರೆ ಎಂದ. ಅದು ಸರಿಯೇ. ಈಗ ದೋಣಿ ಹತ್ತಿದವರು ಸಮುದ್ರದಲ್ಲಿ ಇದ್ದಾರೆ ಎಂದು ಲೆಕ್ಕ, ಅವರು ಕರೆದರೆ ನಮಗೆ ಕೇಳಿಸಬಾರದು. ಮಾತಾಡಿಸಿದವರು ತಾವೂ ದೋಣಿ ಹತ್ತಬೇಕು. ಅವಳಿಗಳು ಮನೆಯೊಳಗೆ ಮಾತಾಡಿಕೊಳ್ಳಬಹುದು, ಅಂಗಳದಲ್ಲಿ ಇಲ್ಲ.

ಅಪ್ಪಾ, ಹೋದ ಶನಿವಾರ ನನಗೆ ಮೂರು ಚೀಟಿ ಬಂತು. ನಾನು ಕುಳ್ಳಿ, ಓಟದ ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತೇನೆ, ಅದಕ್ಕೆ. ಗುಂಡಿಗೂ ಮೂರು ಬಂತು, ಸಮವಾಯಿತು ಎಂದು ಅವತ್ತು ಯಾರನ್ನೂ ಕಳುಹಿಸಲಿಲ್ಲ. ಚೀಟಿಗೆ ಮೊದಲು ಪ್ರತಿಯೊಬ್ಬರೂ ತಾವು ಯಾಕೆ ಉಳಿಯಬೇಕು ಎಂದು ಭಾಷಣ ಮಾಡಬೇಕು. ಮೂವತ್ತು ಎಣಿಸುವುದರೊಳಗೆ ಮುಗಿಸಬೇಕು. ಗುಂಡಿಗೆ ಅದು ಆಗುವುದಿಲ್ಲ. ಹತ್ತು ಎಣಿಸುವವರೆಗೆ ಅವಳು ‘ನಾ ನಾ’ ಎನ್ನುತ್ತಲೇ ಇರುತ್ತಾಳೆ, ಎಲ್ಲರೂ ನಗುತ್ತಾರೆ. ಅವಳೂ ನಗುತ್ತಾಳೆ.

ಇನ್ನು ನಿಮ್ಮಿಬ್ಬರಲ್ಲಿ ಒಬ್ಬರು ಹೋಗಲೇಬೇಕು ಎಂದು ಕನ್ನಡಕ ಹೇಳಿದ್ದಾನೆ. ನಿನ್ನ ಉತ್ತರ ಬರುವವರೆಗೆ ಏನಾದರೂ ಮಾಡಿ ಅದನ್ನು ಮುಂದೆ ತಳ್ಳುತ್ತೇನೆ. ಏನು ಮಾಡಲಿ ಹೇಳು. ಬೇಗ ಬರೆ.

ಕುಳ್ಳಿ


ಜುಲೈ ೧೬

ಕುಳ್ಳೀ,

ನಿನ್ನ ಕಾಗದವನ್ನು ಊಟದ ಹೊತ್ತಿಗೆ ಎಲ್ಲರಿಗೂ ಗಟ್ಟಿಯಾಗಿ ಓದಿದೆ. ಶೆಡ್ಡೇ ಎದ್ದು ನಿಂತಿತು. ಒಬ್ಬ ಅಳು ಎಂದ, ಇನ್ನೊಬ್ಬ ಹೊಟ್ಟೆನೋವು ಎಂದು ಹೇಳಿ ಆ ವಾರ ಹೋಗಲೇಬೇಡ ಎಂದ. ನಮ್ಮ ಮೇಸ್ತ್ರಿ ಮಾತ್ರ ತಟ್ಟೆ ತೊಳೆದು ಬಂದು ಸಮಾಧಾನವಾಗಿ ಹೇಳಿದ: “ಎಲ್ರೂ ಯಾರ ಹೆಸರು ಬರೀತಾರೋ ಅದನ್ನೇ ಬರಿ ಅಂತ ಹೇಳು ಮಗಳಿಗೆ. ಅಷ್ಟೇ.”

ನನಗೂ ಅದೇ ಸರಿ ಎನಿಸಿತು. ಟೀವಿಯಲ್ಲೂ ನೋಡು, ಗೆಳತಿ ಗೆಳತಿ ಎಂದು ಒಬ್ಬರಿಗೊಬ್ಬರು ಅಂಟಿಕೊಂಡವರು ಜೊತೆಯಲ್ಲೇ ಹೋಗುತ್ತಾರೆ. ಕ್ಯಾಪ್ಟನ್ನಿಗೆ ನೀನು ಅವನ ಕಡೆ ಎಂದು ಮೊದಲೇ ಗೊತ್ತಾಗಲಿ. ಗುಂಡಿಗೆ ಬೇಸರವಾದರೆ ಎರಡು ದಿನ. ಆಟ ತಾನೇ, ಮರೆತುಹೋಗುತ್ತದೆ.

ಗಾಳಿ ಊದುವ ಫ್ಯಾನಿನ ಕೇಬಲ್ ಸುಟ್ಟಿದೆ, ಜೀಪು ಹೊರಡುವ ಹೊತ್ತೂ ಆಯಿತು. ಆದದ್ದನ್ನೆಲ್ಲ ಬಿಡದೆ ಬರೆ. ಇಲ್ಲಿ ಎಲ್ಲರೂ ಕಾಯುತ್ತಿದ್ದಾರೆ.

ಅಪ್ಪ


ಜುಲೈ ೨೯

ಅಪ್ಪಾ,

ನಾನು ಉಳಿದುಕೊಂಡೆ. ನಿನ್ನ ಮೇಸ್ತ್ರಿಗೆ ಹೇಳು.

ಆದದ್ದು ಹೀಗೆ. ಶುಕ್ರವಾರವೇ ಕನ್ನಡಕನಿಗೆ ನಾನು ನಿನ್ನ ಕಡೆ ಎಂದು ಹೇಳಿಬಿಟ್ಟೆ. ಅವನು ಸರಿ ಎಂದ. ಶನಿವಾರ ಟೀವಿ ಮುಗಿದ ಮೇಲೆ ಎಲ್ಲರೂ ತೊಟ್ಟಿಯ ಮೇಲೆ ನಿಂತೆವು. ನನ್ನ ಭಾಷಣ ಇಪ್ಪತ್ತೆರಡಕ್ಕೇ ಮುಗಿಯಿತು. ಗುಂಡಿಯ ಸರದಿ ಬಂದಾಗ ಅವಳು ತನ್ನ ಬಗ್ಗೆ ಹೇಳಲೇ ಇಲ್ಲ. “ಕು... ಕುಳ್ಳಿನ ಕ... ಕಳಿಸ್ಬೇಡಿ” ಎಂದಳು. ಅಷ್ಟರಲ್ಲಿ ಮೂವತ್ತಾಯಿತು. ಬೇರೆಯವರ ಬಗ್ಗೆ ಭಾಷಣ ಮಾಡುವುದು ನಿಯಮದಲ್ಲಿ ಇಲ್ಲ.

ಎಂಟು ಚೀಟಿ. ಏಳರಲ್ಲಿ ಗುಂಡಿಯ ಹೆಸರು ಇತ್ತು. ಅವಳದು ಖಾಲಿ. ಕನ್ನಡಕ ಒಂದೊಂದೇ ಬಿಡಿಸಿ ಎಲ್ಲರಿಗೂ ತೋರಿಸಿದ. ನನ್ನ ಅಕ್ಷರ ಅವಳಿಗೆ ಗೊತ್ತು, ನಾವು ಒಂದೇ ಬೆಂಚು.

ಅವಳು ನಗುನಗುತ್ತಲೇ ಇಳಿದುಹೋದಳು. ನಿಯಮ ಅವಳಿಗೆ ಸರಿಯಾಗಿ ತಿಳಿದಿರಲಿಲ್ಲವೋ ಏನೋ. ಸೋಮವಾರ ಬೆಳಿಗ್ಗೆ ಬಂದು ಬಾಗಿಲು ತಟ್ಟಿದಳು. ನಾನು ಒಳಗೇ ನಿಂತಿದ್ದೆ. ತುಂಬ ಹೊತ್ತು ತಟ್ಟಿದಳು. ಅವಳು ಮೆಟ್ಟಿಲು ಇಳಿದ ಮೇಲೆ ನಾನು ಹೊರಟೆ, ಶಾಲೆಗೆ ತಡವಾಯಿತು.

ಈ ವಾರ ಟೀವಿಯಲ್ಲಿ ಆ ಈಜುಗಾರ ಹೋದದ್ದು ನನಗೆ ಇಷ್ಟವಾಗಲಿಲ್ಲ. ನಿನಗೆ?

ಕುಳ್ಳಿ


ಆಗಸ್ಟ್ ೧೪

ಇವರಿಗೆ,

ಮನೆಯ ಸುದ್ದಿಯನ್ನು ಮಗಳು ಬರೆಯುತ್ತಾಳೆ ಎಂದು ನಾನು ನಿಶ್ಚಿಂತೆಯಿಂದ ಇದ್ದೆ. ನಿನ್ನೆ ಅವಳ ಶಾಲೆಯ ಚೀಲ ಒಗೆಯಲು ತೆಗೆದಾಗ ನಿಮ್ಮ ಕಾಗದ ಸಿಕ್ಕಿತು. ಓದಿ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಕೆಳಗಿನ ಮನೆಯ ಹುಡುಗಿ ಹನ್ನೆರಡು ದಿನ ನಮ್ಮ ಬಾಗಿಲಿಗೆ ಬಂದಿದ್ದಾಳೆ. ಮೊದಮೊದಲು ತಟ್ಟುತ್ತಿದ್ದಳಂತೆ, ಆಮೇಲೆ ಸುಮ್ಮನೆ ನಿಂತು ಹೋಗುತ್ತಿದ್ದಳಂತೆ. ಬೆಳಗಿನ ಆ ಹೊತ್ತಿಗೆ ನಾನು ನೀರಿಗೆಂದು ಅಂಗಳದಲ್ಲಿ ಇರುತ್ತೇನೆ. ನನಗೆ ಗೊತ್ತೇ ಆಗಲಿಲ್ಲ. ಹದಿಮೂರನೆಯ ದಿನದಿಂದ ಅವಳು ಬರುತ್ತಿಲ್ಲ. ಶಾಲೆಯಲ್ಲೂ ಬಾಯಿ ಬಿಡುತ್ತಿಲ್ಲ. ತಡವರಿಸಿಯಾದರೂ ಆಡುತ್ತಿದ್ದ ಮಗು, ಈಗ ಹಾಜರಿ ಕರೆದರೆ ಕೈ ಮಾತ್ರ ಎತ್ತುತ್ತಾಳಂತೆ. ಅವಳ ತಾಯಿ ಮೆಟ್ಟಿಲ ಮೇಲೆ ನನ್ನನ್ನು ತಡೆದು ಹೇಳಿದ್ದು ಇಷ್ಟೇ: “ಒಂದ್ಸಲ ಮಾತಾಡ್ಸು ಅಂತ ನಿಮ್ಮ ಮಗಳಿಗೆ ಹೇಳಿ ಅಕ್ಕಾ. ಏನಾದ್ರೂ ಒಂದು ಮಾತು.” ನನಗೆ ಮುಖ ಎತ್ತಲಾಗಲಿಲ್ಲ.

ಮೊನ್ನೆ ಶನಿವಾರವೇ ರಜೆ ಹಾಕಿ ಅಂಗಳಕ್ಕೆ ಇಳಿದು ಮಕ್ಕಳನ್ನು ಗದರಿಸಿದೆ. ಆ ಕನ್ನಡಕದ ಹುಡುಗ ತುಂಬ ಮರ್ಯಾದೆಯಿಂದಲೇ ಹೇಳಿದ: “ಇದು ಆಟ ಅಷ್ಟೇ ಆಂಟಿ. ನೀವೂ ಟೀವೀಲಿ ನೋಡ್ತೀರಲ್ಲ.” ನೋಡುತ್ತೇನೆ ನಿಜ. ಮರುಪ್ರಸಾರವಾಗುವಾಗ, ಊಟ ಮಾಡುತ್ತಾ.

ನಿಮ್ಮ ಮಗಳಿಗೆ ಕೆಳಗೆ ಹೋಗಿ ಅವಳನ್ನು ಕರೆ ಎಂದೆ. ಅಪ್ಪ ಹೇಳಿದ ಹಾಗೆ ಮಾಡಿದ್ದೇನೆ ಎನ್ನುತ್ತಾಳೆ. ಟೀವಿಯ ತಂತಿ ಕಿತ್ತು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೇನೆ. ತಪ್ಪೆಲ್ಲ ನಿಮ್ಮ ಮೇಲೆ ಹೊರಿಸುತ್ತಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಮನೆ ಬಿಟ್ಟರೆ ಎಂಟರವರೆಗೆ ಅವಳನ್ನು ಟೀವಿ ನೋಡಿಕೊಳ್ಳುತ್ತದೆ ಎಂದು ನಾನೂ ಹಾಯಾಗಿ ಇದ್ದೆ. ಆದರೆ ಅವಳು ಕೇಳಿದ್ದು ನಿಮ್ಮನ್ನು. ನೀವು ಮೂವತ್ತು ಜನರ ಮುಂದೆ ಓದಿ ನಕ್ಕಿರಿ.

ಈಗ ನೀವೇ ಬರೆಯಿರಿ.

ನಿಮ್ಮವಳು


ಆಗಸ್ಟ್ ೨೨

ಕುಳ್ಳೀ,

ಈ ಕಾಗದವನ್ನು ಯಾರಿಗೂ ಓದಿ ಹೇಳಿಲ್ಲ. ಕೆಲಸ ಮುಗಿಸಿ ಸುರಂಗದ ಬಾಯಲ್ಲಿ ಕೇಬಲ್ ಸುರುಳಿಯ ಮೇಲೆ ಕೂತು ಬರೆಯುತ್ತಿದ್ದೇನೆ.

ನಾನು ಹೇಳಿದ್ದು ತಪ್ಪು. ಮೇಸ್ತ್ರಿ ಹೇಳಿದ್ದೂ ತಪ್ಪು, ಆದರೆ ಅವನಿಗೆ ನೀನು ಯಾರೆಂದು ಗೊತ್ತಿಲ್ಲ, ಗುಂಡಿಯೂ ಗೊತ್ತಿಲ್ಲ. ನನಗೆ ಇಬ್ಬರೂ ಗೊತ್ತು. ನಿನಗೆ ಮೂರು ವರ್ಷವಾಗಿದ್ದಾಗ ಜ್ವರ ಬಂದು ಹತ್ತು ದಿನ ಮಲಗಿದ್ದೆ. ಅವಳೂ ಅಷ್ಟೇ ಪುಟ್ಟವಳು, ದಿನಾ ಮೆಟ್ಟಿಲು ಹತ್ತಿ ಬಂದು ನಿನ್ನ ಹಾಸಿಗೆಯ ಪಕ್ಕ ಕೂತು ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಅದನ್ನು ನೋಡಿದವನು ನಾನು. ಆಮೇಲೂ ‘ಎರಡು ದಿನ ಬೇಸರ’ ಎಂದು ಬರೆದೆ. ಯಾಕೆ ಬರೆದೆ ಎಂದರೆ, ನಿನ್ನ ಕಾಗದ ಬಂದ ದಿನ ಈ ಶೆಡ್ಡಿನಲ್ಲಿ ನಾನೂ ಒಬ್ಬ ಮನುಷ್ಯನಾಗುತ್ತಿದ್ದೆ. ಎಲ್ಲರೂ ನನ್ನ ಸುತ್ತ ಸೇರುತ್ತಿದ್ದರು. ಅದು ನನಗೆ ಹಿತವಾಗಿತ್ತು.

ನೀನು ಹೋಗಿ ಅವಳನ್ನು ಕರೆ. ನಾಳೆ ನಾಡಿದ್ದು ಎನ್ನಬೇಡ, ಇದನ್ನು ಓದಿದ ಕೂಡಲೇ ಇಳಿದು ಹೋಗು. ಅಪ್ಪ ತಪ್ಪು ಹೇಳಿದ್ದ ಎಂದು ಹೇಳು. ಹಡಗಿನಿಂದ ನಿನ್ನನ್ನು ಕಳುಹಿಸಿದರೆ ಕಳುಹಿಸಲಿ.

ನಾನು ಇನ್ನು ಶನಿವಾರ ಆ ಶೆಡ್ಡಿಗೆ ಹೋಗುವುದಿಲ್ಲ.

ಅಪ್ಪ


ಸೆಪ್ಟೆಂಬರ್ ೩

ಅಪ್ಪಾ,

ಕಾಗದ ಓದಿದ ಕೂಡಲೇ ಹೋದೆ. ಚಪ್ಪಲಿಯನ್ನೂ ಹಾಕಿಕೊಂಡಿರಲಿಲ್ಲ.

ಗುಂಡಿಯ ಅಪ್ಪ ಅವರ ಮನೆಗೂ ಟೀವಿ ತಂದಿದ್ದಾರೆ. ಜೊತೆಗೆ ಆಡಲು ಯಾರೂ ಇಲ್ಲದೆ ಮಗು ಗೋಡೆ ನೋಡುತ್ತಾ ಕೂರುತ್ತಿತ್ತು, ಅದಕ್ಕೇ ತಂದೆವು ಎಂದು ಅವಳ ಅಮ್ಮ ಹೇಳಿದರು. ಬಾ ಬಾ ಎಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅವಳು ಟೀವಿಗೆ ತುಂಬ ಹತ್ತಿರ ಕೂತಿದ್ದಳು. ಗುಂಡೀ ಎಂದೆ. ಆಟಕ್ಕೆ ಬಾ ಎಂದೆ. ಅಪ್ಪ ತಪ್ಪು ಹೇಳಿದ್ದ ಎಂದೆ. ನೀನು ಬರೆದದ್ದನ್ನೆಲ್ಲ ಹೇಳಿದೆ, ಜ್ವರದ ವಿಷಯವನ್ನೂ ಹೇಳಿದೆ. ಅವಳು ತಿರುಗಲಿಲ್ಲ. ಇನ್ನೊಂದು ಸಲ ಕರೆದಾಗ ರಿಮೋಟ್ ತೆಗೆದುಕೊಂಡು ಸದ್ದು ಜಾಸ್ತಿ ಮಾಡಿದಳು. ಅವಳ ಅಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡು ಅಡುಗೆಮನೆಗೆ ಹೋದರು. ನಾನು ಸ್ವಲ್ಪ ಹೊತ್ತು ಅವಳ ಹಿಂದೆ ಕೂತಿದ್ದು ಎದ್ದು ಬಂದೆ.

ನಾನು ಅವರ ಮನೆಗೆ ಹೋದದ್ದನ್ನು ಅವಳಿಗಳಲ್ಲಿ ಉಳಿದವಳು ನೋಡಿ ಹೇಳಿಬಿಟ್ಟಳು. ಚೀಟಿಯನ್ನೂ ಹಾಕಲಿಲ್ಲ. ಮಾತಾಡಿಸಿದವರು ಹೋಗಬೇಕು ಎಂದು ನಿಯಮವೇ ಇದೆಯಲ್ಲ. ಭಾಷಣ ತಯಾರಿ ಮಾಡಿಕೊಂಡು ಹೋಗಿದ್ದೆ, ಕೇಳಲಿಲ್ಲ. ಈಗ ಶಾಲೆಗೆ ಒಬ್ಬಳೇ ಹೋಗುತ್ತೇನೆ. ಗುಂಡಿ ಇನ್ನೊಂದು ಕಡೆಯ ರಸ್ತೆಯಲ್ಲಿ ಹೋಗುತ್ತಾಳೆ. ಬೆಂಚು ಮಾತ್ರ ಒಂದೇ. ನಡುವೆ ಚೀಲ ಇಟ್ಟಿದ್ದಾಳೆ.

ಅಮ್ಮ ಬೀಗ ತೆಗೆದು ಟೀವಿಯ ತಂತಿ ವಾಪಸ್ ಕೊಟ್ಟಿದ್ದಾಳೆ. ಏಳು ಗಂಟೆ ಹೊತ್ತು ಒಬ್ಬಳೇ ಏನು ಮಾಡುತ್ತೀ ಎಂದಳು. ನೀನೂ ಬೇಕಾದರೆ ಶೆಡ್ಡಿಗೆ ಹೋಗು.

ಕುಳ್ಳಿ


ನವೆಂಬರ್ ೨೦

ನನ್ನವಳಿಗೆ,

ನಿನ್ನೆ ಮಧ್ಯಾಹ್ನ ಶಿಬಿರ ತಲುಪಿದೆ. ಹತ್ತು ದಿನದ ರಜೆಯಲ್ಲಿ ನಿನ್ನ ಹತ್ತಿರ ಆಡಲಾಗದ ಮಾತನ್ನು ಇಲ್ಲಿಂದ ಬರೆಯುತ್ತಿದ್ದೇನೆ. ಎದುರಿಗೆ ಕೂತಾಗ ನಿನಗೆ ಸುಸ್ತು, ನನಗೆ ನಾಚಿಕೆ.

ನೀನು ಇಸ್ತ್ರಿ ಕೋಣೆಯಲ್ಲಿ ಇರುವಾಗ ನಾನು ದಿನಾ ಐದು ಗಂಟೆಗೆ ಅಂಗಳಕ್ಕೆ ಇಳಿಯುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ತೊಟ್ಟಿಯ ಮುಚ್ಚಳದ ಮೇಲೆ ಯಾರದೋ ಚಾಪೆ ಒಣಗುತ್ತಿತ್ತು. ಹಡಗಿನ ಆಟ ಯಾವಾಗ ನಿಂತಿತು, ಯಾರು ಗೆದ್ದರು ಎಂದು ಮಗಳನ್ನು ಕೇಳಿದೆ. ಒಬ್ಬೊಬ್ಬರೇ ಹೋಗಿ ಕೊನೆಗೆ ಕನ್ನಡಕ ಮತ್ತು ಇನ್ನೊಬ್ಬ ಉಳಿದರಂತೆ. ಇಬ್ಬರೇ ಆಡುವುದು ಹೇಗೆ ಎಂದು ಅವರೂ ಮನೆಗೆ ಹೋದರಂತೆ. ಹತ್ತು ಮಕ್ಕಳಲ್ಲಿ ಈಗ ಮಾತಾಡಿಕೊಳ್ಳುವವರು ಯಾರೂ ಇಲ್ಲ. ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಒತ್ತಿ ದಾರಿ ಬಿಡುತ್ತಾರೆ. ಮೂರೂ ಮಹಡಿಯ ಕಿಟಕಿಗಳಿಂದ ಒಂದೇ ಹಾಡು, ಒಂದೇ ನಗು ಬರುತ್ತದೆ.

ಮೂರನೇ ದಿನ ಒಂದು ಹಗ್ಗ ಮತ್ತು ಚೆಂಡು ತಂದೆ, ನೀನೇ ನೋಡಿದೆಯಲ್ಲ. ಮನೆ ಮನೆಗೆ ಹೋಗಿ ಕರೆದೆ. ನಾಲ್ಕು ಮಕ್ಕಳು ಬಂದವು. ನಮ್ಮವಳು ಐದನೆಯವಳು. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿ ಹಿಡಿದು ತಿರುಗಿಸಿದೆ. ಒಬ್ಬೊಬ್ಬರಾಗಿ ಹಾರಿದವು, ಹಾರಿ ಆದ ಮೇಲೆ ದೂರ ದೂರ ನಿಂತವು. ಒಬ್ಬರು ಎಡವಿದರೆ ಇನ್ನೊಬ್ಬರು ನಗಲೂ ಇಲ್ಲ. ಸ್ವಲ್ಪ ಹೊತ್ತಿಗೆ ಬಸ್ ಡ್ರೈವರ್ ಮಗ ಕೇಳಿದ, “ಇನ್ನೂ ಎಷ್ಟು ಹೊತ್ತು ಅಂಕಲ್?” ನನಗೆ ಬೇಸರವಾಗಬಾರದು ಎಂದು ನಿಂತಿದ್ದವು ಅಷ್ಟೇ. ಹೋಗಿ ಎಂದೆ. ನಮ್ಮವಳೂ ಹೋದಳು.

ಅವತ್ತೇ ಅಂಗಿಯ ಅಳತೆ ಕೊಡುವ ನೆಪ ಮಾಡಿ ಕೆಳಗಿನ ಟೈಲರ್ ಮನೆಗೆ ಹೋದೆ. ಅವನು ಕತ್ತಿಗೆ ಟೇಪು ಸುತ್ತಿಕೊಂಡು ಭುಜ, ತೋಳು ಎಲ್ಲ ಅಳೆದ, ಪುಸ್ತಕದಲ್ಲಿ ಬರೆದುಕೊಂಡ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಮಗು ಟೀವಿ ನೋಡುತ್ತಿತ್ತು. ನಡುವೆ ಸೋಪಿನ ಜಾಹೀರಾತು ಬಂತು. ಅದರಲ್ಲಿ ಒಬ್ಬಳು ಹುಡುಗಿ ಪಟಪಟ ಎಂದು ಏನೋ ಹೇಳುತ್ತಾಳೆ. ಅದರ ಜೊತೆಗೇ ಇನ್ನೊಂದು ದನಿಯೂ ಕೇಳಿಸಿತು. ಗುಂಡಿ. ಎಲ್ಲೂ ತಡವರಿಸದೆ, ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲದೆ ಪೂರ್ತಿ ಹೇಳಿದಳು. ನಾನು ಬೆಚ್ಚಿಬಿದ್ದು ಅವನ ಮುಖ ನೋಡಿದೆ.

ಅವನು ತೋಳಿನ ಅಳತೆ ಇನ್ನೊಮ್ಮೆ ತೆಗೆದುಕೊಳ್ಳುತ್ತಾ ಹೇಳಿದ, “ಟೀವಿ ಜೊತೆ ಚೆನ್ನಾಗ್ ಮಾತಾಡ್ತಾಳೆ. ನಮ್ಮ ಜೊತೆನೇ ಇಲ್ಲ.”

ನನ್ನಿಂದಲೇ ಶುರುವಾದದ್ದು ಎಂದು ಹೇಳಬೇಕೆಂದು ಹೋದವನು ನಾನು. ಅಂಗಿ ಯಾವಾಗ ಸಿಗುತ್ತದೆ ಎಂದು ಕೇಳಿ ಬಂದೆ.

ಕೆಲಸ ಬಿಟ್ಟು ಬಂದುಬಿಡಲಾ ಎಂದು ಕೇಳಿದಾಗ ನೀನು, ಬಂದು ಏನು ಮಾಡುತ್ತೀರಿ ಎಂದೆ. ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿಯೇ ಕೇಳಿದೆ. ದಾರಿಯುದ್ದಕ್ಕೂ ಯೋಚಿಸಿದೆ. ಹತ್ತು ದಿನ ಮನೆಯಲ್ಲಿದ್ದೆನಲ್ಲ, ಮಗಳು ನನಗೆ ಏನನ್ನೂ ಕೇಳಲಿಲ್ಲ. ಒಂದು ಸಂಜೆ ಅವಳ ಪಕ್ಕ ಹೋಗಿ ಕೂತೆ. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು, ಕಣ್ಣು ಮಾತ್ರ ಈ ಕಡೆ ಬರಲಿಲ್ಲ. ಒಂದೂವರೆ ಗಂಟೆ ಹಾಗೇ ಕೂತಿದ್ದೆವು. ಒಟ್ಟಿಗೆ ಕೂರಬೇಕೆಂದು ಆಸೆಪಟ್ಟವನು ನಾನೇ ತಾನೇ.

ಶೆಡ್ಡಿನ ಟೀವಿಯಲ್ಲಿ ಈಗ ಹೊಸದೊಂದು ಕಾರ್ಯಕ್ರಮ ಶುರುವಾಗಿದೆ. ಎಲ್ಲರೂ ಕರೆಯುತ್ತಾರೆ. ಅಲ್ಲಿಗೆ ಬಿಟ್ಟರೆ ಹೋಗುವುದಕ್ಕೆ ಇಲ್ಲಿ ಬೇರೆ ಜಾಗವಿಲ್ಲ.

ನಿನ್ನವನು


ಜನವರಿ ೯

ಅಪ್ಪಾ,

ನಾಲ್ಕು ಕಾಗದ ಬರೆದಿದ್ದೀಯ, ನಾನು ಒಂದಕ್ಕೂ ಉತ್ತರ ಹಾಕಿಲ್ಲ ಎಂದು ಅಮ್ಮ ಬೈದಳು. ಬರೆಯಬಾರದು ಎಂದೇನಿಲ್ಲ. ಏನು ಬರೆಯುವುದೆಂದು ಗೊತ್ತಾಗುವುದಿಲ್ಲ. ಪರೀಕ್ಷೆಯಲ್ಲಿ ಎಲ್ಲದರಲ್ಲೂ ಪಾಸಾದೆ. ಟೀವಿಯಲ್ಲಿ ಬರುವುದು ನಿನಗೂ ಗೊತ್ತೇ ಇರುತ್ತದೆ.

ಗುಂಡಿಯವರು ಮನೆ ಖಾಲಿ ಮಾಡಿದರು. ಅವಳ ಚಿಕ್ಕಮ್ಮನ ಮನೆಯಲ್ಲಿ ಮೂರು ಮಕ್ಕಳಿದ್ದಾರಂತೆ, ಅವರ ಜೊತೆ ಇದ್ದರೆ ಮಾತಾಡಬಹುದು ಎಂದು ಡಾಕ್ಟರು ಹೇಳಿದರಂತೆ. ಹೋದ ಭಾನುವಾರ ಲಾರಿ ಬಂತು. ಹೊಲಿಗೆ ಯಂತ್ರವನ್ನು ಕೊನೆಗೆ ಹತ್ತಿಸಿದರು.

ಅಮ್ಮನಿಗೆ ಅವತ್ತೂ ಕೆಲಸ ಇತ್ತು, ಮನೆಯಲ್ಲಿ ನಾನೊಬ್ಬಳೇ. ಗುಂಡಿಯ ಅಪ್ಪ ಮೇಲೆ ಬಂದು ನಿನ್ನ ಅಂಗಿ ಕೊಟ್ಟರು. ಬಾಗಿಲಲ್ಲೇ ನಿಂತು, “ಕೆಳಗೆ ಬಾರಮ್ಮ, ಅವಳು ಹೊರಟಿದಾಳೆ. ನಿನ್ನ ಹೆಸರು ಹೇಳಿದ್ಲು ಬೆಳಿಗ್ಗೆ” ಎಂದರು. ಬರುತ್ತೇನೆ ಎಂದೆ.

ಜಾಹೀರಾತು ಬಂದಾಗ ಹೋಗೋಣ ಎಂದುಕೊಂಡೆ. ಜಾಹೀರಾತು ಬಂದಾಗ ಕಿಟಕಿಯಿಂದ ನೋಡಿದೆ, ಲಾರಿ ಹೋಗಿಬಿಟ್ಟಿತ್ತು.

ಅವತ್ತು ಏನು ನೋಡುತ್ತಿದ್ದೆ ಎಂದು ಅಮ್ಮ ಎರಡು ಸಲ ಕೇಳಿದಳು. ನೆನಪಾಗುತ್ತಿಲ್ಲ.

ಕುಳ್ಳಿ